ತವರಿನ ದಿಕ್ಕಿಗೆ ಬಿದ್ದ ಉಪ್ಪು

ಬೀದಿಯವರೆಲ್ಲ ಅವಳನ್ನು ಮಂಡಿ ಡಾಕ್ಟರ್ ಎಂದೇ ಕರೆಯುತ್ತಿದ್ದರು. ಅವಳು ಡಾಕ್ಟರ್ ಎಂಬುದು ನಿಜ, ಮಂಡಿಯ ಮೇಲೆ ಕೆಲಸ ಮಾಡುತ್ತಿದ್ದಳೆಂಬುದೂ ನಿಜ. ಆ ಮಂಡಿ ಮನುಷ್ಯರದ್ದಲ್ಲ, ಅಷ್ಟೇ. ಇದಕ್ಕೆಲ್ಲ ಮೂಲ ಅತ್ತೆ. ಸೊಸೆಗೆ ಏನು ಕೆಲಸ ಎಂದು ಪಕ್ಕದ ಮನೆಯವರು ಕೇಳಿದಾಗ ಅತ್ತೆ ಒಂದಿಷ್ಟೂ ತಡವರಿಸದೆ, "ಮಂಡಿ, ಹರಡು, ಇವೆರಡೇ. ಬೆಳಗಿಂದ ಸಾಯಂಕಾಲದ ತನಕ ಅದನ್ನೇ ನೋಡ್ತಾಳೆ," ಎಂದುಬಿಟ್ಟರು. ಮರುದಿನ ಬಾಗಿಲು ತೆರೆದರೆ ಮೆಟ್ಟಿಲ ಮೇಲೆ ಇಬ್ಬರು ಹೆಂಗಸರು ಕಾಲು ನೀಡಿಕೊಂಡು ಕುಳಿತಿದ್ದರು. ಇಬ್ಬರಿಗೂ ಕಾಫಿ ಕೊಟ್ಟು, ಸಮಾಧಾನ ಹೇಳಿ ಕಳಿಸುವಷ್ಟರಲ್ಲಿ ಅವಳಿಗೆ ಸಾಕುಸಾಕಾಯಿತು.

ಅವಳ ಮಂಡಿ ಇದ್ದದ್ದು ಒಂದು ಗೆರೆಯಲ್ಲಿ. ಆಕಾಶದ ಆಚೆಯಿಂದ ಹಗಲು ರಾತ್ರಿ ಎನ್ನದೆ ಕಣಗಳು ಭೂಮಿಯ ಮೇಲೆ ಸುರಿಯುತ್ತಲೇ ಇರುತ್ತವೆ. ವಿಶ್ವಕಿರಣಗಳು ಎಂದು ಶಾಲೆಯಲ್ಲಿ ಓದಿ, ಪರೀಕ್ಷೆ ಮುಗಿದ ಮೇಲೆ ಮರೆತಿರುತ್ತೇವೆ. ಕಡಿಮೆ ಶಕ್ತಿಯವು ಲೆಕ್ಕವಿಲ್ಲದಷ್ಟು, ಹೆಚ್ಚು ಶಕ್ತಿಯವು ಅಪರೂಪ. ಯಾವ ಶಕ್ತಿಯವು ಎಷ್ಟು ಬಂದವು ಎಂದು ಗೆರೆ ಎಳೆದರೆ ಅದು ಇಳಿಬಿಟ್ಟ ಕಾಲಿನ ಹಾಗೆ ಕಾಣುತ್ತದೆ. ಒಂದು ಕಡೆ ಬಾಗಿ ಇನ್ನಷ್ಟು ಕಡಿದಾಗಿ ಇಳಿಯುತ್ತದೆ, ಅದು ಮಂಡಿ. ಇನ್ನೂ ಕೆಳಗೆ, ಪಾದದ ಕೀಲಿನ ಹಾಗೆ, ತುಸು ಮುಂದಕ್ಕೆ ಚಾಚುತ್ತದೆ, ಅದು ಹರಡು. ಮಂಡಿಯ ತನಕದವು ನಮ್ಮದೇ ಗ್ಯಾಲಕ್ಸಿಯ ಮಕ್ಕಳು, ಸಿಡಿದ ನಕ್ಷತ್ರಗಳಿಂದ ಹೊರಟವು ಎಂದು ಬಲ್ಲವರ ಅಂದಾಜು. ಹರಡು ದಾಟಿದವು ಹೊರಗಿನವು. ಹೊರಗೆ ಎಂದರೆ ಎಲ್ಲಿ ಎಂದು ಕೇಳಿದರೆ ಬಲ್ಲವರೂ ಮೇಲೆ ನೋಡುತ್ತಾರೆ.

ಸಣ್ಣಪುಟ್ಟ ಕಣಗಳನ್ನು ದಾರಿಯುದ್ದಕ್ಕೂ ಕಾಂತಕ್ಷೇತ್ರಗಳು ಅತ್ತಿತ್ತ ತಿರುಗಿಸಿ ದಿಕ್ಕು ತಪ್ಪಿಸಿರುತ್ತವೆ. ಅವು ಬಂದ ಬಾಗಿಲು ಅವುಗಳ ಊರಿನದಲ್ಲ. ಅತಿ ಬಲಿಷ್ಠವಾದವು ಮಾತ್ರ ಯಾರಿಗೂ ಬಗ್ಗದೆ ಹೆಚ್ಚುಕಡಿಮೆ ನೆಟ್ಟಗೆ ಬರುತ್ತವೆ. ಕಣ್ಣಿಗೆ ಕಾಣದ ಒಂದೇ ಒಂದು ಕಣ, ಬೀಸಿ ಎಸೆದ ಕಲ್ಲಿನಷ್ಟು ಶಕ್ತಿ ಹೊತ್ತುಕೊಂಡು! ಅಂಥವು ತೀರ ದೂರದಿಂದಲೂ ಬರಲಾರವು. ಜಗತ್ತಿನ ತುಂಬ ಹರಡಿರುವ ಹಳೆಯ ಮಂದ ಬೆಳಕು ದಾರಿಯಲ್ಲೇ ಅವುಗಳ ಶಕ್ತಿಯನ್ನು ತಿಂದು ತೇಗಿಬಿಡುತ್ತದೆ. ಹಾಗಾಗಿ ಅವುಗಳ ಮೂಲಮನೆ ಹತ್ತಿರದ ನೆಂಟರ ಪೈಕಿಯೇ ಇರಬೇಕು. ಅವು ಬೀಳುವುದೂ ಚದರ ಕಿಲೋಮೀಟರಿಗೆ ನೂರು ವರ್ಷಕ್ಕೊಂದರಂತೆ. ಅದಕ್ಕೇ ಊರಾಚೆಯ ಬಯಲಿನಲ್ಲಿ, ಕಣ್ಣು ಹಾಯುವ ತನಕ, ಒಳಗೆ ಬೆಳಕು ನುಗ್ಗದಂತೆ ಮುಚ್ಚಿದ ನೀರಿನ ತೊಟ್ಟಿಗಳನ್ನು ಇಟ್ಟಿದ್ದರು. ಮೇಲೆ ಕಣವೊಂದು ಗಾಳಿಗೆ ಬಡಿದರೆ ಅದು ಒಡೆದು, ಮಕ್ಕಳು ಮೊಮ್ಮಕ್ಕಳಾಗಿ, ಇಡೀ ವಂಶವೇ ಬಯಲಿನ ಮೇಲೆ ಸುರಿಯುತ್ತದೆ. ತೊಟ್ಟಿಗಳೊಳಗೆ ನೀಲಿ ಬೆಳಕು ಮಿನುಗುತ್ತದೆ. ಯಾವ ತೊಟ್ಟಿ ಮೊದಲು ಮಿನುಗಿತು ಎಂಬುದರಿಂದ ದಿಕ್ಕು, ಎಷ್ಟು ತೊಟ್ಟಿಗಳು ಎಷ್ಟು ಜೋರಾಗಿ ಮಿನುಗಿದವು ಎಂಬುದರಿಂದ ಶಕ್ತಿ.

ಅವಳೂ ಅವಳ ಗಂಡನೂ ಕೆಲಸ ಮಾಡುತ್ತಿದ್ದದ್ದು ಅಲ್ಲೇ. ದಿಕ್ಕು ನೋಡುವುದು ಅವಳ ಪಾಲಿಗೆ, ಆ ದಿಕ್ಕು ನಿಜವೋ ಕಾಕತಾಳೀಯವೋ ಎಂದು ಅಳೆದು ಸುರಿದು ಹೇಳುವುದು ಗಂಡನ ಪಾಲಿಗೆ. ಅವನನ್ನು ಸಂಸ್ಥೆಯಲ್ಲಿ ತಕ್ಕಡಿ ಎನ್ನುತ್ತಿದ್ದರು. ಜಗಳವಾದರೆ ತಕ್ಕಡಿಯನ್ನು ಕರೆಯಿರಿ, ಲೆಕ್ಕ ತಾಳೆಯಾಗದಿದ್ದರೆ ತಕ್ಕಡಿಯನ್ನು ಕರೆಯಿರಿ. ಅವನು ಒಂದು ಮಾತು ಹೇಳಿದನೆಂದರೆ ಅದಕ್ಕೆ ಇನ್ನೊಂದು ಸಾಕ್ಷಿ ಬೇಕಿರಲಿಲ್ಲ. ಅಂಥವನ ಹೆಂಡತಿ ಎಂದು ಅವಳಿಗೆ ಒಳಗೊಳಗೇ ಜಂಬವೂ ಇತ್ತು, ಸುಳ್ಳೇಕೆ.

ಆ ಸಂಸ್ಥೆಯಲ್ಲಿ ಒಂದು ಪದ್ಧತಿ. ಅದಕ್ಕೆ ಉಪ್ಪು ಹಾಕುವುದು ಎನ್ನುತ್ತಿದ್ದರು. ಹಸಿದವನಿಗೆ ಎಲ್ಲೆಲ್ಲೂ ಅನ್ನ ಕಾಣುವಂತೆ, ವರ್ಷಗಟ್ಟಲೆ ಕಾದವರಿಗೆ ಬೇಕಾದದ್ದೇ ಕಾಣುವುದುಂಟು. ಹಾಗಾಗದಿರಲಿ ಎಂದು ಪ್ರತಿ ವರ್ಷ ಮುಖ್ಯಸ್ಥೆ ಒಬ್ಬರನ್ನು ಗುಟ್ಟಾಗಿ ಕರೆದು, ಮಾಹಿತಿಯ ನಡುವೆ ಒಂದೆರಡು ಸುಳ್ಳು ಕಣಗಳನ್ನು ಸೇರಿಸಲು ಹೇಳುತ್ತಿದ್ದರು. ಈ ಮುಖ್ಯಸ್ಥೆಯನ್ನು ಎಲ್ಲರೂ ದೊಡ್ಡಮ್ಮ ಎನ್ನುತ್ತಿದ್ದರು. ಅಲ್ಲಿ ಯಾರಿಗೂ ಆಕೆ ದೊಡ್ಡಮ್ಮನಲ್ಲ, ಆದರೆ ಎಲ್ಲರ ಕಿವಿಯನ್ನೂ ಹಿಂಡುವ ಹಕ್ಕು ಆಕೆಗಿತ್ತು. ಉಪ್ಪು ಹಾಕಿದವರು ಯಾರು ಎಂದು ವರ್ಷದ ಕೊನೆಯ ಸಭೆಯ ತನಕ ಯಾರಿಗೂ ತಿಳಿಯಕೂಡದು, ಕಟ್ಟಿಕೊಂಡವರಿಗೂ. ಉಪ್ಪು ಆಕಾಶದ ಯಾವ ಮೂಲೆಗೆ ಬೀಳಬೇಕು ಎಂಬುದನ್ನು ಚೀಟಿ ಎತ್ತಿಯೇ ಆರಿಸಬೇಕು. ಉಪ್ಪು ಬಿದ್ದ ಕಡೆ ಆ ವರ್ಷ ಬೇರೆ ಏನೇ ಬಂದಿದ್ದರೂ ಅದನ್ನೂ ಸೇರಿಸಿ ಬದಿಗಿಡಬೇಕು. ಉಪ್ಪು ಕಂಡ ಕಣ್ಣು ಆ ಜಾಗವನ್ನು ಮತ್ತೆ ನೆಟ್ಟಗೆ ನೋಡುವುದಿಲ್ಲ ಎಂಬುದು ದೊಡ್ಡಮ್ಮನ ವಾದ. ಇದಕ್ಕೆ ಒಂದೇ ವಿನಾಯಿತಿ: ಉಪ್ಪು ಬೀಳುವ ಮೊದಲೇ ಆ ಜಾಗದ ಮೇಲೆ ಕಣ್ಣಿಟ್ಟಿದ್ದೆ ಎಂದು ಯಾರಾದರೂ ಬರೆದುಕೊಟ್ಟಿದ್ದರೆ, ಇಲ್ಲವೇ ಸಂಸ್ಥೆಯ ಒಬ್ಬರ ಎದುರು ಹೇಳಿ ಅವರ ಸಾಕ್ಷಿ ಇದ್ದರೆ, ಅಲ್ಲಿ ಬಂದ ನಿಜದ ಕಣ ಉಳಿಯುತ್ತಿತ್ತು.

ಬರೆದುಕೊಡಲು ಮಾತ್ರ ಯಾರೂ ಮುಂದೆ ಬರುತ್ತಿರಲಿಲ್ಲ. ಹಿಂದೊಮ್ಮೆ ಒಬ್ಬ ಮಹಾಶಯ ಬರೆದುಕೊಟ್ಟು, ಅಲ್ಲಿಂದ ಒಂದು ಸೊಳ್ಳೆಯೂ ಬರದೆ, ನಿವೃತ್ತಿಯಾಗುವ ತನಕ ಜ್ಯೋತಿಷಿ ಎಂದು ಕರೆಸಿಕೊಂಡಿದ್ದ.

ಅವಳ ಮನಸ್ಸಿನಲ್ಲಿ ಒಂದು ಜಾಗವಿತ್ತು. ದಕ್ಷಿಣದ ಆಕಾಶದಲ್ಲಿ, ನಮ್ಮ ನೆರೆಹೊರೆ ಎನ್ನಬಹುದಾದಷ್ಟು ಹತ್ತಿರ, ಒಂದು ಗ್ಯಾಲಕ್ಸಿ. ಅದರ ನಡುವೆ ದೈತ್ಯ ಕಪ್ಪುಕುಳಿ. ಅದರಿಂದ ಎರಡೂ ಬದಿಗೆ ಚಿಮ್ಮುವ ಬಿಸಿ ಧಾರೆ. ಬಲಿಷ್ಠ ಕಣಗಳನ್ನು ಸಾಕಿ ಬೆಳೆಸುವ ತಾಕತ್ತಿರುವ ಮನೆ ಅದೊಂದೇ ಎಂದು ಅವಳು ವರ್ಷಗಟ್ಟಲೆ ಲೆಕ್ಕ ಹಾಕಿದ್ದಳು. ಅದನ್ನು ತವರು ಎಂದು ಕರೆದಳು. ಕಣಗಳ ತವರು ಎಂಬ ಅರ್ಥದಲ್ಲಿ ಶುರುವಾದ ಮಾತು, ಬರಬರುತ್ತ ಬರೀ ತವರಾಯಿತು. ಅಪ್ಪ ಅಮ್ಮ ಇಬ್ಬರೂ ತೀರಿಕೊಂಡು, ಮನೆ ಬೇರೆಯವರ ಪಾಲಾಗಿ, ಅವಳಿಗೆ ಹೋಗಿಬರಲು ಬೇರೆ ತವರೆಂಬುದೇ ಇರಲಿಲ್ಲ.

ಒಂದು ಸಂಜೆ ಅಡುಗೆಮನೆಯಲ್ಲಿ ಅವಳು ಈ ಮಾತನ್ನು ಗಂಡನಿಗೆ ಹೇಳಿದಳು. ಸಂಜೆಯ ಅಡುಗೆ ಅವನದು. ಅವನು ಈರುಳ್ಳಿ ಹೆಚ್ಚುತ್ತಿದ್ದ. ಅತ್ತೆ ಮೂಲೆಯ ಕುರ್ಚಿಯಲ್ಲಿ ಕೂತು ತಮ್ಮ ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು. ಅವಳು ಆ ಜಾಗದ ಅಳತೆಯನ್ನೂ ಹೇಳಿದಳು, ಚಾಚಿದ ಕೈಯ ಮುಷ್ಟಿಯಲ್ಲಿ ಮುಚ್ಚಿಹೋಗುವಷ್ಟು ಆಕಾಶ.

"ದೊಡ್ಡಮ್ಮಂಗೆ ಬರೆದು ಕೊಟ್ಟುಬಿಡ್ಲಾ?" ಎಂದು ಕೇಳಿದಳು.

"ಜ್ಯೋತಿಷಿ ಅನ್ನಿಸ್ಕೊಳ್ಳೋಕಾ? ನನಗೆ ಹೇಳಿದ್ದೀಯಲ್ಲ, ಸಾಕು. ನಾನೇ ಸಾಕ್ಷಿ," ಎಂದ ಅವನು. ಹೆಚ್ಚಿದ ಈರುಳ್ಳಿಯನ್ನು ಬಾಣಲೆಗೆ ಹಾಕಿ, ರುಚಿಗೆ ಚಿಟಿಕೆ ಉಪ್ಪು ಉದುರಿಸಿದ.

"ಯಾರ ತವರು? ನಿನ್ನದಾ?" ಎಂದು ಅತ್ತೆ ಕೇಳಿದರು.

"ಹೂಂ ಅತ್ತೆ. ಅಲ್ಲಿಂದ ಯಾರಾದ್ರೂ ಬಂದಾರು ಅಂತ ಕಾಯ್ತಾ ಇದ್ದೀನಿ."

"ಬರ್ತಾರೆ ಬಿಡು. ಹೆಣ್ಣು ಕೊಟ್ಟವರು ಬರದೆ ಇರ್ತಾರಾ?" ಎಂದು ಅತ್ತೆ ಇನ್ನೊಂದು ಮಂಡಿಗೆ ಕೈ ಹಾಕಿದರು.

ಬಂದೇ ಬಂದರು. ಆ ವರ್ಷ ಮೊದಲನೆಯ ಕಣ ಬಯಲಿಗೆ ಬಿದ್ದು, ಅದರ ದಿಕ್ಕು ತೆರೆಯ ಮೇಲೆ ಮೂಡಿದಾಗ ಅವಳು ಎರಡು ಸಲ ಕನ್ನಡಕ ಒರೆಸಿಕೊಂಡಳು. ತವರು. ಮುಷ್ಟಿಯ ನಟ್ಟನಡುವೆ. ಉಪ್ಪಿರಬಹುದು ಎಂಬ ಅನುಮಾನ ಅವಳಿಗೂ ಬಂತು, ಬರದಿರಲು ಅವಳೇನು ಎಳೆ ಮಗುವೇ? ಆದರೆ ಚೀಟಿ ಎತ್ತಿ ಹಾಕುವ ಉಪ್ಪು ಇಡೀ ಆಕಾಶವನ್ನು ಬಿಟ್ಟು ಇದೇ ಮುಷ್ಟಿಗೆ ಬೀಳುವುದೆಂದರೆ! ಮನೆಗೆ ಬಂದು ಹೇಳಿದಾಗ ಗಂಡ, "ಒಂದು ತಾನೆ, ಕಾದು ನೋಡು," ಎಂದು ತಕ್ಕಡಿಯಂತೆಯೇ ಮಾತಾಡಿದ. ಅವನ ಈ ತೂಕ ಅವಳಿಗೆ ಹಿಡಿಸಿತು.

ಕೆಲವು ತಿಂಗಳ ಮೇಲೆ ಎರಡನೆಯದು ಬಂತು. ನಡುವಿಗಲ್ಲ, ಕೊಂಚ ಅಂಚಿಗೆ, ಆದರೆ ಮುಷ್ಟಿಯ ಒಳಗೇ. ಅವಳು ಚಪ್ಪಲಿಯನ್ನೂ ಬಿಡದೆ ಅಡುಗೆಮನೆಗೆ ನುಗ್ಗಿ ಹೇಳಿದಳು. ಗಂಡನ ಕೈಯಲ್ಲಿದ್ದ ಮೊಟ್ಟೆ ಜಾರಿ ನೆಲಕ್ಕೆ ಬಿದ್ದು ಒಡೆಯಿತು.

"ಇನ್ನೊಂದಾ? ಅಲ್ಲಿಂದಲೇ?" ಎಂದ. ಮುಖ ಬಿಳಿಚಿಕೊಂಡಿತ್ತು.

"ಅಲ್ಲಿಂದಲೇ!"

"ಖುಷಿಗೆ ಕೈ ಸೋತಿದೆ ಪಾಪ," ಎಂದು ಅತ್ತೆ ಬಟ್ಟೆ ತಂದು ಕೊಟ್ಟರು. ಅವಳೇ ಕೂತು ನೆಲ ಒರೆಸಿದಳು. ತನಗಿಂತ ತನ್ನ ಗಂಡನಿಗೇ ಹೆಚ್ಚು ಸಂತೋಷವಾಗಿದೆ ಎಂದುಕೊಂಡಳು.

ಮೂರನೆಯದೂ ಬಂದಾಗ ಸಂಸ್ಥೆಯಲ್ಲಿ ಗುಸುಗುಸು ಶುರುವಾಯಿತು. ಕಾರಿಡಾರಿನಲ್ಲಿ ಎದುರಾದವರು ಅವಳಿಗೆ ದಾರಿ ಬಿಟ್ಟು ನಿಲ್ಲುತ್ತಿದ್ದರು. ಹರಡಿನ ಆಚೆಯವರ ಮನೆ ಪತ್ತೆಯಾಯಿತಂತೆ ಎಂಬ ಮಾತು ಕ್ಯಾಂಟೀನ್ ತನಕ ಹೋಯಿತು. ಮೂರರಲ್ಲಿ ಒಂದು ನಿಜವಾದರೂ ಸಾಕು, ಮುಂದಿನ ವರ್ಷಗಳೆಲ್ಲ ಆ ಮುಷ್ಟಿಯನ್ನೇ ಕಾಯಲು ದೊಡ್ಡಮ್ಮ ಒಪ್ಪುತ್ತಾರೆ, ತನ್ನ ಬದುಕಿನ ಕೆಲಸಕ್ಕೆ ನೆಲೆ ಸಿಗುತ್ತದೆ ಎಂದು ಅವಳು ಕನಸು ಕಟ್ಟಿದಳು. ಗಂಡ ಮಾತು ಕಡಿಮೆ ಮಾಡಿದ್ದ. ಅವನು ಮೊದಲೇ ಕಡಿಮೆ ಮಾತಿನವನು, ಅವಳು ಅದಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ.

ವರ್ಷದ ಕೊನೆಯ ಸಭೆ ಮಧ್ಯಾಹ್ನಕ್ಕೆ ಕೂಡಿತು. ಉದ್ದನೆಯ ಮೇಜು, ಕಿಟಕಿಗೆ ಎಳೆದ ಪರದೆ, ಯಾರೋ ಕುಡಿದು ಬಿಟ್ಟ ಕಾಫಿ ಲೋಟಗಳು. ಅವಳು ತನ್ನ ಮೂರು ಕಣಗಳನ್ನೂ ತೋರಿಸಿ ಕೂತಳು. ಗಂಡ ಪಕ್ಕದಲ್ಲೇ ಇದ್ದ.

ದೊಡ್ಡಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಸರಿ. ಈ ಸಲ ಉಪ್ಪು ಹಾಕಿದ ಮಹಾನುಭಾವರು ಎದ್ದು ನಿಲ್ಲಿ."

ಪಕ್ಕದ ಕುರ್ಚಿ ಕಿರುಗುಟ್ಟಿತು. ತನ್ನ ಗಂಡ ಏನನ್ನೋ ಎತ್ತಿಕೊಳ್ಳಲು ಎದ್ದಿದ್ದಾನೆ ಎಂದೇ ಅವಳು ತಿಳಿದಳು. ಅವನು ನಿಂತೇ ಇದ್ದ.

"ಎರಡು ಹಾಕಿದ್ದೆ," ಎಂದ. "ಇವಳು ತೋರಿಸಿದ್ದರಲ್ಲಿ ಮೊದಲನೆಯದು, ಮೂರನೆಯದು."

ಅವಳಿಗೆ ನಾಚಿಕೆ, ಸಿಟ್ಟು, ಎಲ್ಲ ಒಟ್ಟೊಟ್ಟಿಗೆ. ಅವನ ಎದುರು ಎಷ್ಟು ಕುಣಿದಿದ್ದೆ! ಆದರೂ ನಿಯಮ ನಿಯಮವೇ. ಹೆಂಡತಿಗೂ ಹೇಳಕೂಡದು ಎಂದಮೇಲೆ ಅವನು ಹೇಳದೆ ಇದ್ದದ್ದು ಸರಿ. ಅವಳು ಉಗುಳು ನುಂಗಿ ಅದನ್ನೂ ನುಂಗಿದಳು. ಆಮೇಲೆ ತಟ್ಟನೆ ಹೊಳೆಯಿತು.

"ಹಾಗಾದ್ರೆ ನಡುವಿನದು?" ಎಂದಳು.

"ಅದು ನನ್ನದಲ್ಲ."

ಅವನದ್ದಲ್ಲ ಎಂದರೆ ಅದು ನಿಜದ್ದು. ಕೋಟಿಗಟ್ಟಲೆ ವರ್ಷ ಒಂಟಿಯಾಗಿ ನಡೆದು, ಯಾರಿಗೂ ಬಗ್ಗದೆ, ತವರಿನಿಂದ ನೆಟ್ಟಗೆ ಅವಳ ತೊಟ್ಟಿಗಳಿಗೆ ಬಂದು ಬಿದ್ದದ್ದು. ಅವಳ ಕಣ್ಣು ತುಂಬಿತು.

"ಅವಸರ ಬೇಡ," ಎಂದರು ದೊಡ್ಡಮ್ಮ. ದನಿಯಲ್ಲಿ ಕನಿಕರವಿತ್ತು. "ಉಪ್ಪು ಬಿದ್ದ ಜಾಗ. ನಿಯಮದ ಪ್ರಕಾರ ಅದನ್ನೂ ಬದಿಗಿಡಬೇಕು. ನೀನು ಮೊದಲೇ ಅಲ್ಲಿ ಕಣ್ಣಿಟ್ಟಿದ್ದೆ ಅಂತಾದ್ರೆ ಬೇರೆ ಮಾತು. ಬರೆದುಕೊಟ್ಟಿಲ್ಲವಲ್ಲ ನೀನು?"

"ಇಲ್ಲ. ಆದರೆ ಹೇಳಿದ್ದೆ. ಉಪ್ಪು ಬೀಳೋಕೆ ಎಷ್ಟೋ ಮುಂಚೆ ಹೇಳಿದ್ದೆ. ಇದೇ ಜಾಗ, ಇಷ್ಟೇ ಅಗಲ."

"ಯಾರಿಗೆ?"

"ಇವರಿಗೆ," ಎಂದು ಗಂಡನತ್ತ ಕೈ ತೋರಿಸಿದಳು.

ಹಾಗೆ ಕೈ ತೋರಿಸಿದ ಹೊತ್ತಿನಲ್ಲೇ ಅವಳಿಗೆ ಇನ್ನೊಂದು ಅರ್ಥವಾದದ್ದು. ಲೋಕದಲ್ಲಿ ಆ ಜಾಗ ಗೊತ್ತಿದ್ದದ್ದು ಇವನೊಬ್ಬನಿಗೆ. ಆಕಾಶವನ್ನೆಲ್ಲ ಬಿಟ್ಟು ಇವನ ಉಪ್ಪು ಅಲ್ಲೇ, ನಟ್ಟನಡುವೆಯೇ, ಎರಡೆರಡು ಸಲ ಬಿದ್ದದ್ದು ಯಾವ ಚೀಟಿಯಿಂದ? ಅಡುಗೆಮನೆಯಲ್ಲಿ ಅವಳು ಬಿಚ್ಚಿಟ್ಟ ಗುಟ್ಟನ್ನು ಕೊಕ್ಕೆಗೆ ಸಿಕ್ಕಿಸಿ ಅವಳಿಗೇ ಗಾಳ ಹಾಕಿದ್ದಾನೆ. ಆದರೂ, ಈಗ ಒಂದು ಮಾತು ಹೇಳಿಬಿಡಲಿ, ಎಲ್ಲವನ್ನೂ ಮನ್ನಿಸುತ್ತೇನೆ ಎಂದುಕೊಂಡಳು. ಅವಳು ಹೇಳಿದ್ದು ನಿಜ ಎಂದರೆ ಸಾಕು, ನಡುವಿನ ಕಣ ಬದುಕುತ್ತದೆ.

ದೊಡ್ಡಮ್ಮ ಅವನತ್ತ ತಿರುಗಿದರು. "ಏನಪ್ಪಾ ತಕ್ಕಡಿ? ಹೇಳಿದ್ಲಾ?"

ಹೌದು ಎಂದರೆ ಮುಂದಿನ ಪ್ರಶ್ನೆ ಏನೆಂದು ಆ ಕೋಣೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಅವನಿಗೆ ಗೊತ್ತಿತ್ತು: ಮತ್ತೆ ನಿನ್ನ ಉಪ್ಪು ಅಲ್ಲಿಗೆ ಹೇಗೆ ಹೋಯಿತು? ಅವನು ಹೆಂಡತಿಯ ಮುಖ ನೋಡಲಿಲ್ಲ. ಮೇಜಿನ ಮೇಲಿನ ಲೋಟವನ್ನು ನೋಡಿ ನಕ್ಕ.

"ಮನೇಲಿ ಇವಳು ಹೇಳದ ಜಾಗ ಯಾವುದಿದೆ ದೊಡ್ಡಮ್ಮ? ಸೋಮವಾರ ಒಂದು ಮೂಲೆ, ಮಂಗಳವಾರ ಇನ್ನೊಂದು. ಇದೇ ಅಂತ ಹೇಳಿದ್ದು ನನಗೆ ನೆನಪಿಲ್ಲ. ನಾನು ಚೀಟಿ ಎತ್ತಿದೆ, ಅದು ಅಲ್ಲಿಗೆ ಬಿತ್ತು."

ಎಲ್ಲರೂ ನಕ್ಕರು. ಕೆಟ್ಟ ನಗುವಲ್ಲ, ಗಂಡ ಹೆಂಡಿರ ನಡುವಿನ ತಮಾಷೆಗೆ ಯಾರು ಬೇಕಾದರೂ ನಗುವ ನಗು. ತಕ್ಕಡಿಯ ಮಾತಿಗೆ ಇನ್ನೊಂದು ಸಾಕ್ಷಿ ಬೇಕಿರಲಿಲ್ಲವಲ್ಲ. ಹಲ್ಲು ಬಿಟ್ಟವರಲ್ಲಿ ಒಬ್ಬನಾದರೂ ಅವಳ ಮುಖ ನೋಡಿದ್ದರೆ ಬಾಯಿ ಮುಚ್ಚುತ್ತಿದ್ದ.

ದಿಕ್ಕಿನ ಕೆಲಸಕ್ಕೆ ಅವಳೇ ಹೊಣೆ. ಹಾಗಾಗಿ ಬದಿಗಿಡುವ ಕೆಲಸವನ್ನೂ ಅವಳೇ ಮಾಡಬೇಕಾಯಿತು. ತನ್ನ ಕೋಣೆಗೆ ಹೋಗಿ, ತೆರೆಯ ಮೇಲೆ ಆ ಮುಷ್ಟಿಯಷ್ಟು ಆಕಾಶವನ್ನು ಆರಿಸಿ, ತೆಗೆದುಹಾಕು ಎಂದು ಒತ್ತಿದಳು. ನಿಜವಾಗಿ ತೆಗೆದುಹಾಕಬೇಕಾ ಎಂದು ಯಂತ್ರ ಕೂಡ ಒಮ್ಮೆ ಕೇಳಿತು. ಗಂಡ ಅಷ್ಟೂ ಕೇಳಿರಲಿಲ್ಲ.

ಸಂಜೆ ಮನೆಯಲ್ಲಿ ಅವನು ಎಂದಿನಂತೆ ಒಲೆ ಹಚ್ಚಿದ್ದ. ಅವಳು ಬಾಗಿಲಲ್ಲೇ ನಿಂತು ಕೇಳಿದಳು. "ಯಾಕೆ?"

"ಚೀಟಿ ಎತ್ತಿದ್ರೆ ಯಾವ್ದೋ ಮೂಲೆಗೆ ಬೀಳ್ತಿತ್ತು. ಅದನ್ನ ನೀನು ಸುಲಭವಾಗಿ ಹಿಡೀತಿದ್ದೆ," ಎಂದ ಅವನು, ತಿರುಗದೆ. "ನಿನಗೆ ಬೇಕಾದ್ದೇ ಸಿಕ್ಕಿದ್ರೆ ನೀನು ಏನು ಮಾಡ್ತೀಯಾ ಅಂತ ನೋಡ್ಬೇಕಿತ್ತು. ಆ ತವರು ತವರು ಅನ್ನೋದು ಬರೀ ಹುಚ್ಚು ಅಂತ ನನಗೆ ಮೊದಲಿಂದ್ಲೂ ಅನ್ನಿಸ್ತಿತ್ತು."

"ಮೊಟ್ಟೆ ಬೀಳಿಸಿದ ದಿನ ಗೊತ್ತಾಯ್ತಲ್ಲ, ಹುಚ್ಚಲ್ಲ ಅಂತ?"

ಅವನು ಒಲೆಯ ಉರಿ ತಗ್ಗಿಸಿದ. ಆಮೇಲೆ, "ನಿಯಮ ಮುರಿದೆ ಅಂತ ಅಷ್ಟು ಜನರ ಮುಂದೆ ಒಪ್ಪಿಕೊಂಡಿದ್ರೆ ನನ್ನ ಗತಿ ಏನು? ಒಂದು ಕಣ ತಾನೆ. ಇನ್ನೊಂದು ಬರುತ್ತೆ."

ಒಂದು ಕಣ ತಾನೆ! ಹುಚ್ಚೆಂದುಕೊಂಡಿದ್ದವನ ಮೇಲೆ ಸಿಟ್ಟು ಮಾಡಬಹುದಿತ್ತು. ನಿಜವೆಂದು ಎಲ್ಲರಿಗಿಂತ ಮೊದಲು ತಿಳಿದೂ, ತಿಂಗಳುಗಟ್ಟಲೆ ಎದುರಿಗೆ ಕೂತು ಉಂಡು, ಕೊನೆಗೆ ತನ್ನ ಹೆಸರಿಗಾಗಿ ಅದರ ಕತ್ತು ಹಿಸುಕಿದವನಿಗೆ ಏನು ಹೇಳುವುದು?

ಊಟಕ್ಕೆ ಕೂತರು. ಅವನು ಬಡಿಸಿ, ದಿನವೂ ಕೇಳುವಂತೆ ಕೇಳಿಯೇಬಿಟ್ಟ. "ಉಪ್ಪು ಸರಿ ಇದೆಯಾ?"

ಅವಳು ಒಂದು ತುತ್ತು ಬಾಯಿಗಿಟ್ಟಳು. "ಇಲ್ಲ. ಹಾಕೋಕೇ ಮರೆತಿದ್ದೀಯ. ಎಲ್ಲಾ ಅಲ್ಲೇ ಸುರಿದು ಬಂದೆಯಲ್ಲ."

ಅತ್ತೆ ಇಬ್ಬರ ಮುಖವನ್ನೂ ನೋಡಿದರು. ಮುದುಕಿಗೆ ಗ್ಯಾಲಕ್ಸಿ ಗೊತ್ತಿಲ್ಲದಿದ್ದರೂ ಮನೆಯ ಗಾಳಿ ಗೊತ್ತಿತ್ತು. "ಏನಾಯ್ತೇ? ನಿನ್ನ ತವರಿಂದ ಬಂದಿದ್ದಾರೆ ಅಂತ ಅಷ್ಟು ಕುಣೀತಿದ್ದೆ?"

"ಬಂದಿದ್ರು ಅತ್ತೆ. ನಿಜವಾಗ್ಲೂ ಬಂದಿದ್ರು. ಅವರು ಯಾರೋ ನನಗೆ ಗೊತ್ತಿಲ್ಲ ಅಂದ ನಿಮ್ಮ ಮಗ. ಬಾಗಿಲಲ್ಲೇ ವಾಪಸ್ ಕಳಿಸಿದ್ವಿ."

ಅತ್ತೆಯ ಕೈ ತಟ್ಟೆಯಲ್ಲೇ ನಿಂತಿತು. "ನಾನೇ ಸಾಕ್ಷಿ ಅಂದಿದ್ದೆಯಲ್ಲೋ," ಎಂದರು ಮಗನಿಗೆ. "ಇಲ್ಲೇ, ಈರುಳ್ಳಿ ಹೆಚ್ಚುತ್ತಾ. ನನ್ನ ಕಿವಿಯಾರೆ ಕೇಳಿದ್ದೀನಿ."

"ಅಮ್ಮಾ, ಇದು ಆಫೀಸಿನ ವಿಷಯ. ನಿನಗೆ ಅರ್ಥ ಆಗಲ್ಲ."

"ಮಾತು ಕೊಟ್ಟದ್ದು ಆಫೀಸಲ್ಲಲ್ಲ." ಅತ್ತೆ ತಮ್ಮ ಮುಂದಿದ್ದ ನೀರಿನ ಲೋಟವನ್ನು ಮೆಲ್ಲಗೆ ಅವನತ್ತ ಸರಿಸಿದರು. "ಕುಡಿ. ಉಪ್ಪು ತಿಂದವನು ನೀರು ಕುಡೀಲೇಬೇಕು."

ಅವನು ಲೋಟವನ್ನು ಮುಟ್ಟಲಿಲ್ಲ. ಅವಳು ಎದ್ದು ಕೈ ತೊಳೆದು, ಒಳಗೆ ಹೋಗಿ ಒಂದು ಚೀಲಕ್ಕೆ ಎರಡು ಜೊತೆ ಬಟ್ಟೆ, ಕಂಬಳಿ, ಬಯಲಿನ ಕೋಣೆಯ ಬೀಗದಕೈ ಹಾಕಿಕೊಂಡಳು. ತೊಟ್ಟಿಗಳ ನಡುವೆ ಒಂದು ಸಣ್ಣ ಕೋಣೆಯಿತ್ತು. ರಿಪೇರಿಗೆ ಹೋದವರು ಉಳಿದುಕೊಳ್ಳಲು ಕಟ್ಟಿದ್ದು, ಒಂದು ಮಂಚ, ಒಂದು ಒಲೆ. ಈ ವರ್ಷದ ಕಣ ಹೋಯಿತು. ಮುಂದಿನದಕ್ಕೆ ಅವಳು ಬೆಳಗ್ಗೆಯೇ ದೊಡ್ಡಮ್ಮನಿಗೆ ಬರೆದುಕೊಡುವವಳಿದ್ದಳು. ಜ್ಯೋತಿಷಿ ಎನ್ನುವವರು ಎನ್ನಲಿ.

"ಇಷ್ಟೊತ್ತಲ್ಲಿ ಎಲ್ಲಿಗೆ?" ಎಂದ ಗಂಡ. ಈಗ ಮೊದಲ ಸಲ ಅವಳ ಮುಖ ನೋಡಿದ.

"ತವರಿಗೆ," ಎಂದಳು ಅವಳು.

ಅತ್ತೆ ಮೇಜು ಹಿಡಿದು ಏಳಲು ನೋಡಿದರು, ಆಗಲಿಲ್ಲ, ಮತ್ತೆ ಕೂತರು.

"ಹೋಗ್ಬಾ," ಎಂದರು. "ಈ ಹಾಳು ಮಂಡಿ ನೆಟ್ಟಗಿದ್ದಿದ್ರೆ ನಾನೂ ಬರ್ತಿದ್ದೆ."